ಅರ್ಧ ಬಾಯಿ

ಮೊದಲು ರಕ್ತ ಕಂಡದ್ದು ಪೇರಲಹಣ್ಣಿನ ಮೇಲೆ.

ಸ್ಯಾನ್ ಡಿಯಾಗೋದಲ್ಲಿ ಮಗಳು ಸುಜಾತಾಳ ಮನೆ. ನಾನು ಇರುವುದು ಅವಳ ಹತ್ತಿರ. ಹಿತ್ತಿಲಲ್ಲಿ ಒಂದು ಪೇರಲ ಗಿಡ. 2005ರಲ್ಲಿ ಅದು ಮೊದಲ ಸಲ ಕಾಯಿ ಬಿಟ್ಟಿತು. ಕಿತ್ತು ಕಚ್ಚಿದೆ. ಕಚ್ಚಿದ ಜಾಗ ಕೆಂಪಗಿತ್ತು. ಒಳಗೆ ಕೆಂಪಿರುವ ಜಾತಿ ಎಂದು ಖುಷಿಯಾಗಿ ಮಗಳನ್ನು ಕರೆದೆ. ಅವಳು ಚಾಕು ತಂದು ಹಣ್ಣನ್ನು ಕೊಯ್ದಳು. ಒಳಗೆಲ್ಲ ಬಿಳಿ.

ಕೆಂಪು ನನ್ನದು.

ಸುಜಾತಾ ಗಮ್ ಸ್ಪೆಷಲಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಗಮ್ ಎಂದರೆ ನನಗೆ ಗೊತ್ತಿದ್ದದ್ದು ಲಕೋಟೆಗೆ ಹಚ್ಚುವ ಅಂಟು. ಸಡಿಲಾದ ಹಲ್ಲು ಅಂಟಿಸುತ್ತಾರೆ ಎಂದುಕೊಂಡೆ. ಅಲ್ಲಿ ಗಮ್ ಎಂದರೆ ವಸಡು. ಡಾಕ್ಟರ್ ಹೆಣ್ಣುಮಗಳು. ಸಣ್ಣ ಕಡ್ಡಿಯಿಂದ ಹಲ್ಲಿನ ಬುಡ ಚುಚ್ಚುತ್ತ ಅಂಕಿ ಹೇಳುತ್ತ ಹೋದರು. ಫೈವ್, ಸಿಕ್ಸ್, ಸೆವೆನ್. ನಾನು ಓದಿದ್ದು ಮೂರನೇ ಇಯತ್ತೆ, ಆದರೂ ಇಂಗ್ಲಿಷ್ ಅಂಕಿ ಬರುತ್ತವೆ. ಮಾರ್ಕು ಏರುತ್ತಿದೆ ಎಂದು ಒಳಗೇ ಹಿಗ್ಗಿದೆ.

“ಅವ್ವಾ, ನಿನ್ನ ವಸಡಿನ್ಯಾಗ ಪಾಕೆಟ್ ಆಗ್ಯಾವಂತ,” ಅಂದಳು ಸುಜಾತಾ.

“ಪಾಕೆಟ್ ಅಂದ್ರ? ಕಿಸೇನ?”

“ಹ್ಞೂಂ, ಕಿಸೇನ. ಅದರಾಗ ಹೊಲಸು ತುಂಬಿ ಎಲುಬು ತಿನ್ನಾಕ ಹತ್ತೇತಂತ. ನಂಬರ್ ಏರಿದಂಗ ಕಿಸೆ ಆಳ.”

ಹೀಗೇ ಬಿಟ್ಟರೆ ದವಡೆ ಹಲ್ಲೆಲ್ಲ ಹೋಗುತ್ತವೆ ಎಂದರು ಡಾಕ್ಟರ್.

ಹಲ್ಲು ಹೋದ ಮೇಲಿನ ಬಾಳು ನಾನು ಕಂಡದ್ದೇ. ಲಾಸ್ ಏಂಜಲೀಸ್ ಕಡೆ, ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ನನ್ನ ಮಗನ ಮನೆ. ಅಲ್ಲಿ ಅವನ ಅತ್ತೆ, ಅಂದರೆ ನನ್ನ ಬೀಗಿತ್ತಿ ಶಾಂತಕ್ಕ ಇದ್ದಾರೆ. ಅವರದು ಪೂರ್ತಿ ಕಟ್ಟಿಸಿದ ಹಲ್ಲು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವವರೆಗೆ ಊರ ಸುದ್ದಿ ಹೇಳುತ್ತ ಕೂರುತ್ತಾರೆ. ನನಗೆ ಕಟಕ ರೊಟ್ಟಿ ಬೇಕು, ಹಸಿ ಮೂಲಂಗಿ ಬೇಕು. ಕಚ್ಚಿದರೆ ಸದ್ದು ಬರಬೇಕು. ರಕ್ತ ಕಂಡಾಗಿನಿಂದ ಅದೆಲ್ಲ ಬಿಟ್ಟು ಹಾಲನ್ನ ಉಣ್ಣುತ್ತಿದ್ದೆ.

ಡೀಪ್ ಕ್ಲೀನಿಂಗ್ ಮಾಡಬೇಕು, ಅಂದರೆ ವಸಡಿನೊಳಗಿನ ಹೊಲಸು ಕೆರೆದು ತೆಗೆಯಬೇಕು, ಮೊದಲು ಬಲಗಡೆ, ಮುಂದಿನ ವಾರ ಎಡಗಡೆ, ಎಂದರು ಡಾಕ್ಟರ್. ಸುಜಾತಾ ಸೊರೆಂಟೊ ವ್ಯಾಲಿಯಲ್ಲಿ ಲ್ಯಾಬ್ ಕೆಲಸದವಳು. ಆ್ಯಂಟಿಆಕ್ಸಿಡೆಂಟ್ ತಗೊಂಡರೆ ಹೇಗೆ ಎಂದು ಕೇಳಿದಳು. ಡಾಕ್ಟರ್ ಬೇಡ ಎನ್ನಲಿಲ್ಲ. ಹಣ್ಣು, ಸೊಪ್ಪು, ವಿಟಮಿನ್ ಸಿ ಗುಳಿಗೆ, ಗ್ರೀನ್ ಟೀ ತಗೊಳ್ಳಲಿ, ಕ್ಲೀನಿಂಗ್ ಜೊತೆಗೆ ಅದೂ ಒಂದು ಆಸರೆ, ಎಂದರು. ಆ್ಯಂಟಿಆಕ್ಸಿಡೆಂಟ್ ಎಂದರೇನು ಎಂದು ಕಾರಿನಲ್ಲಿ ಮಗಳನ್ನು ಕೇಳಿದೆ.

“ಕಬ್ಬಿಣಕ್ಕ ಜಂಗು ಹತ್ತತೈತಲ್ಲವ್ವಾ, ಹಂಗ ಮೈಯಾಗೂ ಹತ್ತತೈತಿ ಅನ್ಕೊ. ಅದನ್ನ ತಡೀತೈತಿ.”

ತಡೆಯುತ್ತದೆ ಅಂದದ್ದಷ್ಟೇ ನನ್ನ ಕಿವಿಗೆ ಬಿತ್ತು.

ಬಲಗಡೆ ಆಯಿತು. ಇಂಜೆಕ್ಷನ್‌ಗೆ ತುಟಿ ಜೋತುಬಿತ್ತು. ಕುಡಿದ ಚಹಾ ಸೆರಗಿಗೆ. ಸೀದ ಪಾತ್ರೆಯ ತಳ ಕೆರೆದಂತೆ ಸದ್ದು, ಅದೂ ನನ್ನ ತಲೆಯೊಳಗೇ. ಎರಡನೇ ಸಲಕ್ಕೆ ಧೈರ್ಯ ಬರಲಿಲ್ಲ. ಮಗನನ್ನು ನೋಡಬೇಕು ಎಂದು ನೆಪ ಹೇಳಿ ವುಡ್‌ಲ್ಯಾಂಡ್ ಹಿಲ್ಸ್‌ಗೆ ಹೋಗಿ ಕುಳಿತೆ.

“ಯಾಕ ಕೆರಿಸ್ಕೋತೀರಿ? ಗುಳಗಿ ನುಂಗ್ರಿ, ಸಾಕು,” ಅಂದರು ಶಾಂತಕ್ಕ. “ಹಲ್ಲ ಹೋದ್ರ ಹೋಗ್ಲಿ ಬಿಡ್ರಿ. ನನ್ನಂಗ ಕಪ್ಪಿನ್ಯಾಗ ಇಟ್ಟು ಆರಾಮ ಮಲಗ್ರಿ.”

“ನಿಮ್ಮ ಹಲ್ಲ ಕಪ್ಪಿನ್ಯಾಗ ಮಲಗ್ತಾವ ಖರೆ. ನಾಲಿಗಿ ಮಾತ್ರ ಮಲಗಂಗಿಲ್ಲ ನೋಡ್ರಿ.”

ಹೀಗಂದೆನಾದರೂ ಅವರು ಹೇಳಿದಂತೆಯೇ ಮಾಡಿದೆ. ಗುಳಿಗೆ ನುಂಗಿದೆ. ಕಹಿ ಗ್ರೀನ್ ಟೀ ಕುಡಿದೆ. ಕಿತ್ತಳೆ ತಿಂದೆ. ಎರಡು ತಿಂಗಳಾದ ಮೇಲೆ ಸುಜಾತಾಳೇ ಬಂದು, ಬೈದು, ಕರೆದುಕೊಂಡು ಹೋದಳು. ಡಾಕ್ಟರ್ ಮತ್ತೆ ಅಳೆದರು.

ಬಲಗಡೆ ಥ್ರೀ, ಟೂ, ಥ್ರೀ. ಎಡಗಡೆ ಸಿಕ್ಸ್, ಸೆವೆನ್, ಸೆವೆನ್.

ಗುಳಿಗೆ ಎರಡೂ ಕಡೆಗೆ ಹೋಗಿತ್ತು. ಡಾಕ್ಟರ ಕೈ ಒಂದೇ ಕಡೆ ಹೋಗಿತ್ತು.

ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊಲದ ಕಸ ಕೀಳದೆ ಗೊಬ್ಬರ ಹಾಕಿದರೆ ಕಸವೇ ಬೆಳೆಯುತ್ತದೆ ಎಂದು ತಿಳಿದಿದ್ದ ನಾನು ನನ್ನ ಬಾಯಿಯಲ್ಲಿ ಅದನ್ನೇ ಮಾಡಿಕೊಂಡಿದ್ದೆ. ಕಸ ಕಿತ್ತ ಬಲಗಡೆ ಮಾತ್ರ, ಈ ವಯಸ್ಸಿಗೆ ವಸಡು ಇಷ್ಟು ಚೆನ್ನಾಗಿ ಕೂಡಿದ್ದು ಕಂಡು ಡಾಕ್ಟರಿಗೇ ಆಶ್ಚರ್ಯ. ಹಣ್ಣು ಗುಳಿಗೆಗಳ ಪಾಲೂ ಅದರಲ್ಲಿ ಇರಬಹುದು, ಬಿಡಬೇಡಿ, ಎಂದರು. ಎಷ್ಟು ಪಾಲು ಎಂದು ಅವರು ಹೇಳಲಿಲ್ಲ.

ಎಡಗೆನ್ನೆ ಮುಟ್ಟಿ ತೋರಿಸಿದೆ. “ಲೆಫ್ಟ್. ಟುಡೇ.”

ಅವರು ನಕ್ಕರು. ಅವತ್ತೇ ಮಾಡಿದರು.

ಈಗಲೂ ಆಗಾಗ ಹೋಗಿ ಅಳೆಸಿಕೊಂಡು ಬರುತ್ತೇನೆ. ಹಿಂದಿನ ಒಂದು ಹಲ್ಲು ಸ್ವಲ್ಪ ಅಲುಗಾಡುತ್ತದೆ. ಇದ್ದಷ್ಟು ದಿನ ಇರಲಿ.

ಮರುವರ್ಷ ಪೇರಲ ಕಾಯಿ ಬಿಟ್ಟಾಗ ಶಾಂತಕ್ಕ ಬಂದಿದ್ದರು. ಅವರು ಚಾಕು ನನ್ನ ಮುಂದೆ ಹಿಡಿದರು. ನಾನು ಬ್ಯಾಡ ಅಂದೆ. ದೋರಗಾಯಿ ಆರಿಸಿ, ಎಡಗಡೆಯಿಂದಲೇ ಕಚ್ಚಿದೆ.

“ಕೇಳಿಸ್ತೇನ್ರಿ ಸದ್ದು?”

“ಕೇಳಿಸ್ತ, ಕೇಳಿಸ್ತ. ಓಣಿಗೆಲ್ಲ ಕೇಳಿಸ್ತ. ನನಗೊಂದು ಮೆತ್ತಂದು ಕೊಡ್ರಿ.”

ಕೊಡುವ ಮೊದಲು ನನ್ನ ಕಾಯಿಯ ಕಚ್ಚಿದ ಜಾಗ ತಿರುಗಿಸಿ ನೋಡಿದೆ.

ಬಿಳಿ.