ನೆಟ್ ಬಿಚ್ಚಿದ ಮೇಲೆ

ಅವರ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ಕಾಲೇಜಿನಲ್ಲಿ ವಾಲಿಬಾಲ್ ಆಡುವಾಗ ಮುರಿದದ್ದು ಸೊಟ್ಟಗೇ ಕೂಡಿಕೊಂಡುಬಿಟ್ಟಿತ್ತಂತೆ. ಕೋರ್ಟಿನ ಆಚೆ ನಿಂತು ಅವರು ‘ಅಲ್ಲಿಗೆ ಓಡು’ ಎಂದು ಕೈ ತೋರಿಸಿದರೆ ಬೆರಳು ಹೇಳುತ್ತಿದ್ದ ದಿಕ್ಕೇ ಬೇರೆ. ಹೊಸದಾಗಿ ಸೇರಿದ ಹುಡುಗಿಯರು ಬೆರಳನ್ನು ನಂಬಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಹಳಬರಾದ ನಾವು ಅವರ ಕಣ್ಣು ನೋಡುವುದನ್ನು ಕಲಿತಿದ್ದೆವು.

ಅವರು ನಮ್ಮ ಪಿ.ಟಿ. ಮಿಸ್. ತೊಂಬತ್ತರ ದಶಕದ ನಡುವಿನ ಮಾತು. ಟಿ. ನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಮದುವೆಯಾಗಿರಲಿಲ್ಲ. ಸ್ವಂತ ಊರು ನಂಜನಗೂಡು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಕೂಡಲೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವರು, ಭಾನುವಾರ ಅಲ್ಲಿನ ಚರ್ಚಿಗೆ ಹೋಗಿ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಬೆಲ್ಲಿಗೆ ಸರಿಯಾಗಿ ಬಂದು ನಿಂತಿರುವರು. ಹತ್ತಿಯ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದ ಹೆಂಗಸು ಇಡೀ ಊರಿಗೆ ಅವರೊಬ್ಬರೇ. ಅಂಗಡಿಯವರು ಮರೆಯಲ್ಲಿ ನಗುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಆದರೂ ಶೂ ಬಿಡಲಿಲ್ಲ.

ಊರಿನವರೇ ಚಂದಾ ಹಾಕಿ ಕಟ್ಟಿಸಿದ ಒಂದು ಕ್ಲಬ್ಬು ನಮ್ಮಲ್ಲಿತ್ತು. ಹೆಂಚು ಹೊದಿಸಿದ ದೊಡ್ಡ ಹಾಲು, ಒಳಗೆ ಕೇರಂ ಬೋರ್ಡು, ದಿನಪತ್ರಿಕೆ, ಹಿಂದುಗಡೆ ವಾಲಿಬಾಲ್ ಕೋರ್ಟು. ಗಂಡಸರಿಗಷ್ಟೇ ಇದ್ದ ಆ ಜಾಗಕ್ಕೆ ಹುಡುಗಿಯರು ಕಾಲಿಟ್ಟದ್ದು ಮಿಸ್ ಬಂದ ಮೇಲೆ. ಅವರನ್ನು ಕರೆತಂದದ್ದು ನಮ್ಮಪ್ಪ. ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪ ಕ್ಲಬ್ಬಿನ ಸೆಕ್ರೆಟರಿ. ನಾನು ಮನೆಯಲ್ಲಿ ಗೋಡೆಗೆ ಚೆಂಡು ಬಡಿದು ಸುಣ್ಣ ಉದುರಿಸುವುದನ್ನು ತಾಳಲಾರದೆ ಹಾಗೆ ಮಾಡಿದರೆಂದು ಅಮ್ಮ ಹೇಳುತ್ತಿದ್ದಳು. ಅಂತೂ ಸಂಜೆ ಸ್ಕೂಲು ಬಿಟ್ಟಮೇಲೆ ಕೋರ್ಟು ನಮ್ಮದಾಯಿತು.

ಮಿಸ್ ಬೈಯುತ್ತಿರಲಿಲ್ಲ. ಚೆಂಡು ಬಿಟ್ಟರೆ ‘ಪರವಾಗಿಲ್ಲ ಮಗಾ, ಬಾಲಿಗೆ ನೆನಪಿಲ್ಲ, ನೀನೂ ಮರ್ತ್ಬಿಡು’ ಅನ್ನುವರು. ಆದರೆ ಬಿದ್ದ ಚೆಂಡನ್ನು ನಡೆದುಕೊಂಡು ಹೋಗಿ ತಂದರೆ ಕೋಪ ಬರುತ್ತಿತ್ತು. ಸೋತವರು ಓಡಬೇಕು, ಗೆದ್ದವರು ನಡೆಯಬಹುದು ಎಂಬುದು ಅವರ ಕಾನೂನು.

ಆಯುಧಪೂಜೆಯ ದಿನ ಕ್ಲಬ್ಬಿನಲ್ಲಿ ನೆಟ್ಟು, ಚೆಂಡು, ಗಾಳಿ ಹೊಡೆಯುವ ಪಂಪು ಎಲ್ಲಕ್ಕೂ ಪೂಜೆ. ಹಿಂದಿನ ದಿನ ಹಾಲು ಗುಡಿಸಿ ತೊಳೆಯಲು ನಮ್ಮ ಜೊತೆ ಸೆರಗು ಸಿಕ್ಕಿಸಿ ನಿಂತವರು ಮಿಸ್. ಪೂಜೆಗೂ ಬಂದರು. ಮಂಗಳಾರತಿ ತಟ್ಟೆ ಹತ್ತಿರ ಬಂದಾಗ ಮಾತ್ರ ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ಇದನ್ನು ಗಮನಿಸಿದವಳು ಸುಜಾತ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರ ಹಾರುತ್ತಿದ್ದ ಹುಡುಗಿ. ಅವಳ ಅಪ್ಪ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರು. ಅವರದು ಬುದ್ಧನನ್ನು ನಂಬಿದ ಮನೆ. ಅವಳೂ ಮಂಗಳಾರತಿ ತೆಗೆದುಕೊಳ್ಳುತ್ತಿರಲಿಲ್ಲ. ತನ್ನ ಹಾಗೆ ಹಿಂದೆ ಸರಿದ ಇನ್ನೊಬ್ಬರನ್ನು ಕಂಡು ಅವಳಿಗೆ ಕುತೂಹಲ. ಎಲ್ಲರೂ ಕಡ್ಲೆಪುರಿ ತಿನ್ನುತ್ತಿದ್ದಾಗ ಯಾಕೆಂದು ಕೇಳಿದಳು.

“ನಾನು ಯೇಸುಸ್ವಾಮಿನ ನಂಬಿದೀನಿ ಮಗಾ. ಮನಸ್ಸಿಲ್ದೆ ಸುಮ್ನೆ ಕೈ ಒಡ್ಡಿದ್ರೆ ಈ ದೇವರಿಗೂ ಮೋಸ, ನಮ್ಮ ದೇವರಿಗೂ ಮೋಸ” ಎಂದರು ಮಿಸ್.

ಅಲ್ಲಿಂದ ಶುರುವಾಯಿತು. ಆಟ ಮುಗಿದ ಮೇಲೆ ಸುಜಾತ ಏನಾದರೂ ಕೇಳುವಳು, ಮಿಸ್ ಹಾಲಿನ ಮೆಟ್ಟಿಲ ಮೇಲೆ ಕೂತು ಹೇಳುವರು. ನಾವು ಒಂದಿಬ್ಬರು ಶೂ ಬಿಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆವು. ಬಾವಿಯ ಹತ್ತಿರ ಯೇಸು ಒಬ್ಬ ಹೆಂಗಸಿನ ಕೈಯಲ್ಲಿ ನೀರು ಕೇಳಿದ ಕತೆ ನನಗೆ ಈಗಲೂ ಅವರ ದನಿಯಲ್ಲೇ ನೆನಪಿದೆ. ಅವಳ ಜನರ ಕೈಯಿಂದ ಇವನ ಜನ ನೀರು ಮುಟ್ಟುತ್ತಿರಲಿಲ್ಲವಂತೆ. ಅವಳೇ ಬೆರಗಾಗಿ, ನನ್ನನ್ನು ಯಾಕೆ ಕೇಳುತ್ತೀಯ ಎಂದಳಂತೆ. ಕತೆ ಮುಗಿದಾಗ ಸುಜಾತ ಕಾಲಬೆರಳಿನಲ್ಲಿ ಮಣ್ಣು ಗೀರುತ್ತಾ ಕೂತಿದ್ದಳು.

ಕೆಲವು ವಾರಗಳ ಮೇಲೆ ಹಾರಿ ಇಳಿಯುವಾಗ ಸುಜಾತಳ ಕಾಲು ಉಳುಕಿತು. ಊದಿಕೊಂಡ ಪಾದಕ್ಕೆ ಮಿಸ್ ತಣ್ಣೀರು ಬಟ್ಟೆ ಕಟ್ಟಿದರು. ಅವಳು ನೋವಿಗೆ ಅಳುತ್ತಾ, ನಿಮ್ಮ ದೇವರಿಗೆ ಹೇಳಿ ಮಿಸ್ ಎಂದಳು. ಮಿಸ್ ಪಾದದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಪಿಸುದನಿಯಲ್ಲಿ ಪ್ರಾರ್ಥನೆ ಮಾಡಿದರು. ಕೇರಂ ಆಡುತ್ತಿದ್ದ ಒಬ್ಬ ಸದಸ್ಯರು ಕಿಟಕಿಯಿಂದ ಅದನ್ನು ನೋಡಿದರು.

ಮರುದಿನಕ್ಕೆ ಊರಲ್ಲಿ ಮಾತು ಬೇರೆ ರೂಪ ತಾಳಿತ್ತು. ಕ್ಲಬ್ಬಿನಲ್ಲಿ ಹುಡುಗಿಯರಿಗೆ ಮಂತ್ರ ಹಾಕುತ್ತಾರಂತೆ, ಆಟ ಬರೀ ನೆಪವಂತೆ, ಜಾತಿ ಕೆಡಿಸುವುದೇ ಕೆಲಸವಂತೆ. ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸಿಬಿಟ್ಟರು. ಕೋರ್ಟಿನ ಗೇಟಿಗೆ ಬೀಗ ಬಿತ್ತು. ಅಪ್ಪ ಊಟದ ಹೊತ್ತಿಗೆ ನನ್ನ ಮುಖ ನೋಡದೆ, ನಿಜವಾ ಎಂದು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಠಕ್ಕೆ ನಡೆದುಕೊಳ್ಳುವ ಮನೆ ನಮ್ಮದು, ಬೆಳಿಗ್ಗೆ ಲಿಂಗಪೂಜೆಯಾಗದೆ ಅಪ್ಪ ನೀರು ಕುಡಿಯುವವರಲ್ಲ. ಅವರು ಎದ್ದು ಕೈ ತೊಳೆದರು.

ಆ ವಾರವೇ ಸಂಜೆ ಹಾಲಿನಲ್ಲಿ ಮೀಟಿಂಗು. ಮಿಸ್ಸನ್ನೂ ಸುಜಾತಳ ಅಪ್ಪನನ್ನೂ ಕರೆಸಿದ್ದರು. ಹುಡುಗಿಯರೆಲ್ಲ ಅಂಗಳದಲ್ಲಿ ಕಿಟಕಿಯ ಕೆಳಗೆ ಕೂತಿದ್ದೆವು. ಮೊದಲು ಮಾತಾಡಿದವರು ಅಪ್ಪ. ಜನ ಮಕ್ಕಳನ್ನು ಕಳಿಸುವುದು ಆಟಕ್ಕೆ, ನಮ್ಮ ಮಠದ ಸ್ವಾಮಿಗಳೇ ಬಂದು ಇಲ್ಲಿ ಪ್ರವಚನ ಮಾಡುತ್ತೇನೆಂದರೂ ನಾನು ಬೇಡವೆನ್ನುತ್ತೇನೆ ಎಂದರು. ಆ ಮಾತು ನನಗೆ ಆಗಲೂ ಅನ್ಯಾಯವೆನಿಸಲಿಲ್ಲ. ಬೇರೆಯವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಏನು ಆಸೆ ತೋರಿಸಿದಿರಿ, ಯಾರು ಕಳಿಸಿದರು ಎಂದೆಲ್ಲ ಕೇಳಿದರು. ಮಿಸ್ ಕುರ್ಚಿಯಿದ್ದರೂ ನಿಂತೇ ಇದ್ದರು.

ಸುಜಾತಳ ಅಪ್ಪ ಬಾಗಿಲ ಹತ್ತಿರ ಇದ್ದರು. ಅವರನ್ನು ಕೇಳಿದಾಗ ಟವೆಲ್ಲನ್ನು ಹೆಗಲಿಂದ ತೆಗೆಯದೆ ಹೇಳಿದರು: “ನೋಡಿ ಸಾ, ಆಯುಧಪೂಜೆ ದಿನ ನನ್ ಮಗ್ಳು ಇಲ್ಲೇ ನಿಂತ್ಕತಾಳೆ. ನಾನೇನಾರ ಕೇಳಿವ್ನಾ? ಮನೇಲಿ ನಾನು ಬುದ್ಧನ್ನ ಏಳ್ಕೊಟ್ಟಿವ್ನಿ. ಇವ್ರು ಯೇಸುನ ಏಳುದ್ರೆ ಕೇಳ್ಕಬತ್ತಾಳೆ. ಕಿವಿ ಅವ್ಳ್ದು, ಬುದ್ಧೀನೂ ಅವ್ಳ್ದೇ. ಊರ್ಗೆಲ್ಲ ನೀರ್ ಬುಡೋನು ನಾನು. ಯಾರ್ ಮನೆ ನಲ್ಲಿ ಯಾವ್ ಜಾತಿದು ಅಂತ ನೋಡ್ಕಂಡ್ ಬುಡಕಾದದಾ?”

ಮಿಸ್ ಸುಜಾತಳ ಅಪ್ಪನ ಕಡೆ ತಿರುಗಿ ಕೈ ಮುಗಿದು, ಮಗುವಿಗಾಗಿ ಪ್ರಾರ್ಥನೆ ಮಾಡುವ ಮುಂಚೆ ನಿಮ್ಮನ್ನು ಕೇಳಬೇಕಿತ್ತು, ಅದು ನನ್ನ ತಪ್ಪು ಎಂದರು. ಆಮೇಲೆ ನಮ್ಮಪ್ಪನಿಗೆ, ಜಾಗ ನಿಮ್ಮದು, ಇನ್ನು ಈ ಕಾಂಪೌಂಡಿನೊಳಗೆ ನಾನು ದೇವರ ಮಾತು ಎತ್ತುವುದಿಲ್ಲ ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕಿಟಕಿಯಿಂದ ನೋಡಿದ್ದ ಸದಸ್ಯರು, ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಯಾವ ಮಗುವಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಕು ಎಂದು ಹಟ ಹಿಡಿದರು. ಎಲ್ಲರೂ ಹೌದು ಹೌದೆಂದರು.

“ಅದು ಆಗಲ್ಲ ಸಾರ್” ಎಂದರು ಮಿಸ್. ದನಿ ಏರಲಿಲ್ಲ. “ರಸ್ತೇಲಿ ಒಂದು ಮಗು ನಿಲ್ಲಿಸಿ, ನೀವು ಯಾರನ್ನ ನಂಬಿದೀರಿ ಅಂತ ಕೇಳಿದ್ರೆ, ಯಾರನ್ನೂ ಇಲ್ಲ ಅಂತ ನಾನು ಹೇಳಲ್ಲ. ಕೇಳದೋರಿಗೆ ಹೇಳಲ್ಲ. ಕೇಳಿದೋರಿಗೆ ಮುಚ್ಚಿಡಲ್ಲ.”

ಶೂ ಹಾಕಿಕೊಂಡು ಮೆಟ್ಟಿಲಿಳಿದು ನಮ್ಮ ತಲೆಗಳನ್ನು ಸವರಿ ಹೊರಟುಹೋದರು. ಅಪ್ಪ ತಡೆಯಲಿಲ್ಲ.

ನಾವೂ ಕ್ಲಬ್ಬಿಗೆ ಹೋಗುವುದಿಲ್ಲವೆಂದು ಮಾತಾಡಿಕೊಂಡೆವು. ಅದು ಹೇಗೋ ಮಿಸ್‌ಗೆ ತಿಳಿಯಿತು. ಸ್ಕೂಲಿನಲ್ಲಿ ಊಟದ ಬಿಡುವಿನಲ್ಲಿ ಕರೆಸಿ, ನನಗೋಸ್ಕರ ಆಟ ಬಿಟ್ಟರೆ ನಾನು ಸೋತ ಹಾಗೆ, ಸುಮ್ಮನೆ ಹೋಗಿ ಆಡಿ ಎಂದರು. ಅವರು ಹೇಳಿದ್ದನ್ನು ಸ್ಕೂಲಿನಲ್ಲಿ ಕೇಳಿಕೊಂಡು ಕ್ಲಬ್ಬಿನಲ್ಲಿ ಮಾಡುವುದು ನಮ್ಮ ಅಭ್ಯಾಸವಾಯಿತು. ಬೀಗ ತೆಗೆಸುವಷ್ಟನ್ನು ಅಪ್ಪ ಮಾಡಿದ್ದರು.

ಆ ವರ್ಷ ನಂಜನಗೂಡಿನಲ್ಲಿ ಹುಡುಗಿಯರ ಪಂದ್ಯಾವಳಿ. ಕ್ಲಬ್ಬಿನ ಹೆಸರಿನ ಟೀ ಶರ್ಟು ತೊಟ್ಟು ಹೋದೆವು. ಮ್ಯಾನೇಜರಾಗಿ ಬಂದವರು ಅಪ್ಪ. ಬೆಂಚಿನ ಮೇಲೆ ಛತ್ರಿ ಹಿಡಿದು ಕೂತಿದ್ದರು. ಸೆಮಿಫೈನಲ್‌ನ ಕೊನೆಯ ಸೆಟ್ಟಿನಲ್ಲಿ ಎದುರಿನ ತಂಡದ ಹುಡುಗಿಯೊಬ್ಬಳ ಸರ್ವು ನಮಗೆ ತಿಳಿಯುತ್ತಲೇ ಇರಲಿಲ್ಲ. ಒಂದಾದ ಮೇಲೊಂದು ಅಂಕ ಹೋಯಿತು. ಅಪ್ಪ ಟೈಮ್‌ಔಟ್ ಕೇಳಿದರು. ಎಲ್ಲರೂ ಬೆವರೊರೆಸಿಕೊಳ್ಳುತ್ತಾ ಅವರ ಮುಖ ನೋಡಿದೆವು.

ಹಗ್ಗದ ಆಚೆ, ನೋಡುವವರ ನಡುವೆ, ಮಿಸ್ ನಿಂತಿದ್ದರು. ಬೆಳಗಿನಿಂದ ಅಲ್ಲೇ ನಿಂತಿದ್ದರು. ಒಮ್ಮೆಯೂ ಒಳಗೆ ಬಂದಿರಲಿಲ್ಲ, ಕೂಗಿಯೂ ಇರಲಿಲ್ಲ. ಅಪ್ಪ ಛತ್ರಿ ಬೆಂಚಿನ ಮೇಲಿಟ್ಟು, ಪಂಚೆ ಸರಿಮಾಡಿಕೊಂಡು, ನಮ್ಮೂರಿನ ನಾಲ್ಕಾರು ಜನ ನೋಡುತ್ತಿದ್ದಂತೆಯೇ ಮೈದಾನ ದಾಟಿ ಅವರ ಮುಂದೆ ನಿಂತರು.

“ಮೇಡಮ್ಮೋರೆ, ನನಗೆ ಈ ಆಟ ಗೊತ್ತಿಲ್ಲ. ಮಕ್ಕಳು ಕಾಯ್ತಾ ಅವ್ರೆ. ಬನ್ನಿ.”

ಮಿಸ್ ಹಗ್ಗದ ಕೆಳಗೆ ಬಗ್ಗಿ ಬಂದರು. ಹೇಳಿದ್ದು ಒಂದೇ ಮಾತು: “ಸುಜಾತಾ, ಬಾಲ್ ನೋಡ್ಬೇಡ. ಅವಳ ಭುಜ ನೋಡು. ಭುಜ ಸುಳ್ಳು ಹೇಳಲ್ಲ.” ಮುಂದಿನ ಸರ್ವನ್ನು ಸುಜಾತ ಎತ್ತಿದಳು. ಅದರ ಮುಂದಿನದನ್ನೂ ಎತ್ತಿದಳು. ಆ ಪಂದ್ಯ ಗೆದ್ದೆವು. ಫೈನಲ್‌ನಲ್ಲಿ ಮೈಸೂರಿನ ಹುಡುಗಿಯರು ನಮ್ಮನ್ನು ಚೆನ್ನಾಗಿಯೇ ಸೋಲಿಸಿದರು, ಅದನ್ನು ಮುಚ್ಚಿಡುವುದೇಕೆ. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡಿದೆವು. ಮಿಸ್ ಮತ್ತು ಅಪ್ಪ ಮುಂದಿನ ಸೀಟುಗಳಲ್ಲಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತಿದ್ದರು.

ಕ್ಲಬ್ಬಿನವರು ಅಪ್ಪನನ್ನು ಕೇಳಿದರು, ಬೇಡವೆಂದವರನ್ನು ಕರೆದದ್ದೇಕೆಂದು. ಅಪ್ಪ ವಾದ ಮಾಡದೆ ಸೆಕ್ರೆಟರಿ ಕೆಲಸ ಬಿಟ್ಟರು. ಸುಜಾತಳ ಅಪ್ಪ ಪಂಪ್‌ಹೌಸಿನ ಪಕ್ಕದ ಖಾಲಿ ಜಾಗಕ್ಕೆ ಮೇಲಿನವರ ಒಪ್ಪಿಗೆ ಪಡೆದು, ತಾವೇ ಗುದ್ದಲಿ ಹಿಡಿದು ಕಳೆ ಕಿತ್ತರು. ಕಂಬಗಳನ್ನು ನೆಡುವ ದಿನ ಅಪ್ಪನೂ ಹೋಗಿ ಒಂದು ಕಡೆ ಹಿಡಿದುಕೊಂಡರು. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬಳು ವಾಪಸು ಬಂದಳು.

ಹೊಸ ಜಾಗದಲ್ಲಿ ಮಿಸ್ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ನೆಟ್ ಕಟ್ಟಿರುವಷ್ಟು ಹೊತ್ತು ಆಟದ ಮಾತು ಬಿಟ್ಟು ಬೇರೆ ಮಾತಿಲ್ಲ. ನೆಟ್ ಬಿಚ್ಚಿದ ಮೇಲೆ, ಮನೆಯಲ್ಲಿ ಹೇಳಿ ಬಂದವರು ಬೇಕಾದರೆ ಕೂತು ಏನು ಬೇಕಾದರೂ ಕೇಳಬಹುದು. ಹೆಚ್ಚಿನವರು ಹಸಿವಾಗಿ ಮನೆಗೆ ಓಡುತ್ತಿದ್ದರು. ಸುಜಾತ ಕೂರುತ್ತಿದ್ದಳು, ಅವಳ ಜೊತೆಗೆಂದು ನಾನೂ ಕೂರುತ್ತಿದ್ದೆ. ಕೆಲವು ದಿನ ಸುಜಾತಳ ಅಪ್ಪ ಮೋಟಾರು ನಿಲ್ಲಿಸಿ ಬಂದು ಕೂತು ಬುದ್ಧನ ಮಾತು ಹೇಳುವರು, ಮಿಸ್ ಕೈಕಟ್ಟಿ ಕೇಳುವರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪುತ್ತಿರಲಿಲ್ಲ. ಇಬ್ಬರಿಗೂ ಅದರಿಂದ ತೊಂದರೆಯಿರಲಿಲ್ಲ.

ಅಲ್ಲಿ ಕಲಿತ ಆಟವೇ ಸುಜಾತಳಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಕೊಡಿಸಿತು. ನಾನು ಪಿ.ಟಿ. ಟೀಚರಾಗಿ ದೇವನೂರಿನ ಕಡೆಯ ಸ್ಕೂಲೊಂದಕ್ಕೆ ಸೇರಿದೆ. ಮಿಸ್ ನಿವೃತ್ತಿಯಾಗಿ ನಂಜನಗೂಡಿಗೆ ಹೋಗಿ ಅಕ್ಕನ ಮನೆಯಲ್ಲೇ ಉಳಿದರು. ಎರಡು ಸಾವಿರದ ನಂತರದ ವರ್ಷಗಳಲ್ಲಿ ಅವರಿಗೆ ಕಾಯಿಲೆಯಾಯಿತು. ನೋಡಲು ಹೊರಟಾಗ ಅಪ್ಪ, ನಾನೂ ಬರುತ್ತೇನೆ ಎಂದರು. ಹಾಸಿಗೆಯ ಪಕ್ಕ ಕೂತು ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ, ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು. ಇಷ್ಟು ವರ್ಷ ಹೇಳಿದಿರಿ, ನಮ್ಮ ಹುಡುಗಿಯರಲ್ಲಿ ಒಬ್ಬಳೂ ನಿಮ್ಮ ಕಡೆ ಬರಲಿಲ್ಲ, ಬೇಜಾರಿಲ್ಲವಾ ಎಂದರು.

ಮಿಸ್ ನಕ್ಕರು. “ಬಂದಿದ್ರೆ ಸಂತೋಷ ಪಡ್ತಿದ್ದೆ ಸಾರ್, ಸುಳ್ಳು ಯಾಕೆ ಹೇಳ್ಲಿ. ಬರಲಿಲ್ಲ ಅಂತ ಯಾರಿಗಾದ್ರೂ ಆಟ ಕಮ್ಮಿ ಹೇಳ್ಕೊಟ್ಟಿದೀನಾ, ನಿಮ್ಮ ಮಗಳನ್ನೇ ಕೇಳಿ.”

ಅಪ್ಪ ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ಎಲ್ಲೆಲ್ಲಿಂದಲೋ ನಮ್ಮ ತಂಡದವರೆಲ್ಲ ಬಂದು ಸೇರಿದೆವು. ಸುಜಾತ ಡ್ಯೂಟಿಯಿಂದ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮನೆಯಲ್ಲಿ ವಯಸ್ಸಾದ ಅಕ್ಕ, ಒಬ್ಬ ಅಕ್ಕನ ಮಗ, ಚರ್ಚಿನ ಕೆಲವರು. ಶವಪೆಟ್ಟಿಗೆಯನ್ನು ನಾವು ಹೊರುತ್ತೇವೆ ಎಂದು ಸುಜಾತ ಹೇಳಿದಳು. ಚರ್ಚಿನ ಸಭಾಪಾಲಕರು ಹೆಂಗಸರು ಹೊರುವುದುಂಟೇ ಎಂದು ಅನುಮಾನಿಸಿದರು. ಅಕ್ಕ ಒಳಗಿನಿಂದಲೇ, ಅವಳ ಹುಡುಗಿಯರು ಎತ್ತಲಿ ಬಿಡಿ ಎಂದರು. ಎತ್ತಿದೆವು. ನನ್ನ ಹಣೆಯಲ್ಲಿ ವಿಭೂತಿಯಿತ್ತು. ಯಾರೂ ಅದನ್ನು ನೋಡಿ ಏನೂ ಅನ್ನಲಿಲ್ಲ. ಬಿಸಿಲಿನಲ್ಲಿ, ಹೆಜ್ಜೆ ತಪ್ಪದ ಹಾಗೆ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ನಡೆದೆವು. ದುಃಖವಿತ್ತು. ಆದರೆ ಹೆಗಲ ಮೇಲಿನ ಭಾರಕ್ಕೆ ನಾನು ತಲೆ ತಗ್ಗಿಸಲಿಲ್ಲ, ನಮ್ಮಲ್ಲಿ ಯಾರೂ ತಗ್ಗಿಸಲಿಲ್ಲ.

ಅಪ್ಪ ಚಪ್ಪಲಿ ಬಿಟ್ಟು ಹಿಂದೆ ನಡೆದು ಬರುತ್ತಿದ್ದರು. ಅಂಗಡಿ ಬೀದಿಯ ತಿರುವಿನಲ್ಲಿ ಹೆಂಗಸರು ಹೊತ್ತದ್ದನ್ನು ಕಂಡು ಅಚ್ಚರಿಪಟ್ಟ, ಅಪ್ಪನ ಪರಿಚಯವಿದ್ದ ವ್ಯಾಪಾರಿಯೊಬ್ಬರು ಹತ್ತಿರ ಬಂದು, ಯಾರು ಹೋದದ್ದು ಎಂದು ಕೇಳಿದರು.

“ನನ್ನ ಮಗಳ ಗುರುಗಳು ಕಣಪ್ಪ” ಎಂದರು ಅಪ್ಪ.

ನಮ್ಮ ಮನೆಯಲ್ಲಿ ಮಠದ ಸ್ವಾಮಿಗಳನ್ನು ಬಿಟ್ಟು ಬೇರೆ ಯಾರಿಗೂ ಅಪ್ಪ ಆ ಮಾತನ್ನು ಆಡಿದ್ದನ್ನು ನಾನು ಕೇಳಿರಲಿಲ್ಲ.