ಸೊಪ್ಪಿನ ಕೋಣೆ ಖಾಲಿಯಾದದ್ದು

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಏನು ಕೇಳಿದರೂ ಸಿಗುತ್ತಿತ್ತು, ಕೂರುವುದಕ್ಕೆ ಜಾಗವೊಂದನ್ನು ಬಿಟ್ಟು. ಮಾತಿಗೆ ಬಣ್ಣ ಹಚ್ಚುತ್ತಿದ್ದೇನೆಂದು ನಿಮಗೆ ಅನ್ನಿಸಿದರೆ ಆ ಹಜಾರವನ್ನು ನನ್ನೊಂದಿಗೆ ಒಂದು ಸುತ್ತು ಸುತ್ತಿ ಬನ್ನಿ. ಹೊಸ್ತಿಲು ದಾಟಿದೊಡನೆ ಎಡಕ್ಕೆ ಗೊಬ್ಬರದ ಖಾಲಿ ಚೀಲಗಳ ಗುಡ್ಡ, ಬಲಕ್ಕೆ ಹಾಡುವುದನ್ನು ಎಂದೋ ಮರೆತ ಮೂರು ರೇಡಿಯೋಗಳು, ಅವುಗಳ ಮೇಲೆ ಬಟ್ಟೆ ಕಳೆದುಕೊಂಡು ಕಡ್ಡಿಗಳಷ್ಟೇ ಉಳಿದ ಒಂದು ಕೊಡೆ, ಸೈಕಲ್ಲಿನ ರಿಮ್ಮು, ಕಾಲಿಲ್ಲದ ಬೆಂಚು, ತಳವಿಲ್ಲದ ಕೊಳಗ. ಗೋಡೆಯಲ್ಲಿ ಒಂದು ಕಂಬಿಗೆ ಚುಚ್ಚಿಟ್ಟ ಲಗ್ನಪತ್ರಿಕೆಗಳಿದ್ದವು. ಕೆಳಗಿನ ಪತ್ರಿಕೆಯಲ್ಲಿ ಮದುವೆಯಾದವರ ಮಕ್ಕಳ ಪತ್ರಿಕೆಯೂ ಮೇಲೆ ಅದೇ ಕಂಬಿಗೆ ಏರಿತ್ತು. ನನ್ನೊಡನೆ ತವರಿನಿಂದ ಬಂದ ಕಬ್ಬಿಣದ ಬೀರು, ಯಾರೂ ಕೂರು ಎನ್ನದ ಬೀಗರ ಹಾಗೆ, ತಿಂಗಳೊಪ್ಪತ್ತು ಹಜಾರದ ನಡುವೆ ನಿಂತೇ ಇತ್ತು.

ನನ್ನ ತವರು ಕೆ.ಆರ್. ನಗರದ ಕಡೆಯ ನಾಲೆ ಬಯಲಿನ ಹಳ್ಳಿ. ಅಲ್ಲಿ ಭತ್ತ ಕಣದಿಂದ ಮನೆಗೆ ಬಂದು ಪಣತದ ಕಣಜ ಸೇರಿದರೆ ಮುಗಿಯಿತು. ಉಳಿದ ನೆಲವನ್ನೆಲ್ಲ ನಮ್ಮವ್ವ ಗುಡಿಸಿ, ಒರೆಸಿ, ಮತ್ತೆ ಗುಡಿಸುತ್ತಿದ್ದಳು. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಆಚೆಗಿನ ಊರಿಗೆ, ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ಅದು ಹೊಗೆಸೊಪ್ಪಿನ ಸೀಮೆ. ಆಷಾಢ ಕಳೆಯುತ್ತಿದ್ದಂತೆ ಬ್ಯಾರನ್ನೆಂಬ ಬೆಂಕಿಗೂಡಿನಲ್ಲಿ ಬೆಂದು ಒಣಗಿದ ಸೊಪ್ಪು ಮನೆಯೊಳಕ್ಕೆ ಬರತೊಡಗಿದರೆ ಹರಾಜು ಮುಗಿಯುವ ತನಕ ಮನೆ ಸೊಪ್ಪಿನದು, ನಾವು ಅದರ ಬಾಡಿಗೆದಾರರು. ನಡುಮನೆಯ ಪಕ್ಕದ ದೊಡ್ಡ ಕೋಣೆಗೆ ಹೆಸರೇ ಸೊಪ್ಪಿನ ಕೋಣೆ. ಸೊಪ್ಪಿಲ್ಲದ ತಿಂಗಳುಗಳಲ್ಲಿ ಅದರಲ್ಲಿ ಸೊಪ್ಪಿನ ಚೀಲ, ಸೊಪ್ಪಿನ ಕಡ್ಡಿ, ಸೊಪ್ಪಿನ ದಾರ ತುಂಬಿರುತ್ತಿದ್ದವು.

ಇದೆಲ್ಲದರ ಒಡೆಯರು ನಮ್ಮ ಮಾವ. ಸಣಕಲು ಮೈ, ಮೆಲ್ಲನೆಯ ಮಾತು. ಯಾರ ಮೇಲೂ ದನಿ ಏರಿಸಿದವರಲ್ಲ. ಹರಿದ ಮೊರವನ್ನು ನಾನು ತಿಪ್ಪೆಯ ಕಡೆ ಒಯ್ಯುತ್ತಿದ್ದರೆ ಎಲ್ಲಿಂದಲೋ ಎದುರಾಗಿ, "ಮಡಗವ್ವ, ಯಾವತ್ತಾದ್ರೂ ಬೇಕಾಯ್ತದೆ" ಎಂದು ಕೈಯಿಂದ ಇಸಿದುಕೊಂಡು ಹೋಗುತ್ತಿದ್ದರು. ತುಂಬಿದ ಮನೆ ಎಂಬ ಮಾತನ್ನು ನಮ್ಮ ಹಿರಿಯರು ಹರಕೆಯಾಗಿ ಹೇಳುತ್ತಾರಲ್ಲವೇ? ತುಂಬಿದ ಮನೆಗೂ ತುರುಕಿದ ಮನೆಗೂ ಇರುವ ಅಂತರವನ್ನು ಮಾವನಿಗೆ ಹೇಗೆ ಹೇಳುವುದೆಂದು ನಾನು ದಿನವೂ ಕಂಪಲಾಪುರದ ಶಾಲೆಗೆ ಪಾಠ ಮಾಡಲು ಹೋಗುವ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತಿತ್ತು.

ಆ ವರ್ಷದ ಗೌರಿಹಬ್ಬಕ್ಕೆ ನಾಲ್ಕು ದಿನವಿರುವಾಗ ಅತ್ತೆ ಮೊರದ ಬಾಗಿನವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ನಮ್ಮ ಯಜಮಾನರ ಕೈಗಿತ್ತು, "ಬೇಗೂರಿಗೆ ಕೊಟ್ಟು ಬಾ, ಈ ಸಲ ಇವಳೂ ಬರ್ಲಿ" ಎಂದರು. ಬೇಗೂರಿನಲ್ಲಿ ಇದ್ದದ್ದು ನನ್ನ ನಾದಿನಿ ಸರೋಜ, ಈ ಮನೆಯ ಒಬ್ಬಳೇ ಮಗಳು. ನಮ್ಮ ಮದುವೆಯ ದಿನ ಛತ್ರಕ್ಕೆ ಬಂದು ಧಾರೆ ಮುಗಿದೊಡನೆ ಛತ್ರದಿಂದಲೇ ಹಿಂದಿರುಗಿದ್ದಳು. ಹೆಣ್ಣುಮಕ್ಕಳು ಗೌರಿಗೆ ತವರಿಗೆ ಬರುವುದು ಬಿಟ್ಟು ಬಾಗಿನವೇ ಅವರಿದ್ದಲ್ಲಿಗೆ ಬಸ್ಸು ಹತ್ತಿ ಹೋಗುವುದೇಕೆಂದು ನಾನು ದಾರಿಯುದ್ದಕ್ಕೂ ಕೇಳಿದೆ. ಇವರು ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ, "ಅವಳನ್ನೇ ಕೇಳು" ಎಂದಷ್ಟೇ ಹೇಳಿದರು.

ಸರೋಜನದು ಎರಡೇ ಅಂಕಣದ ಮನೆ. ಒಂದು ಚಾಪೆ, ಒಂದು ಗೂಡು, ಗೂಡಿನಲ್ಲಿ ದೀಪ, ಹಗ್ಗದ ಮೇಲೆ ಮಡಿಸಿ ಹಾಕಿದ ನಾಲ್ಕು ಬಟ್ಟೆ. ಒಳಗೆ ಕಾಲಿಟ್ಟೊಡನೆ ಮೈ ಹಗುರಾಯಿತು. ಕಾಫಿ ಕುಡಿದು, ಇವರು ಅವಳ ಗಂಡನೊಡನೆ ಹೊಲ ನೋಡಲು ಹೋದ ಮೇಲೆ ಅವಳೇ ಮಾತು ತೆಗೆದಳು. ಐದು ವರ್ಷದ ಹಿಂದೆ, ಮೂರು ತಿಂಗಳ ಹಸುಗೂಸನ್ನು ಎತ್ತಿಕೊಂಡು ಗೌರಿಗೆ ತವರಿಗೆ ಹೋಗಿದ್ದಳಂತೆ. ಕೋಣೆಯ ತುಂಬ ಸೊಪ್ಪು. ಅದರ ಘಾಟಿಗೆ ಕೂಸು ಕೆಮ್ಮಿ ಕೆಮ್ಮಿ ಮೊಲೆ ಬಿಟ್ಟಿತು. ಒಂದು ಮೂಲೆಯನ್ನಾದರೂ ಖಾಲಿ ಮಾಡಿಕೊಡಿ ಎಂದರೆ ಮಾವ ಸೊಪ್ಪಿನ ಕಡೆ ನೋಡಿ, ಮಗಳ ಕಡೆ ನೋಡಿ, "ಎರಡು ದಿನ ತಡ್ಕೊವ್ವ, ಇದನ್ನ ಎಲ್ಗಾಕ್ಲಿ" ಎಂದಿದ್ದರು. ಬೆಳಿಗ್ಗೆ ಬಾಗಿನ ತೆಗೆದುಕೊಳ್ಳದೆ ಅವಳು ಬಸ್ಸು ಹತ್ತಿದ್ದಳು.

"ಅಪ್ಪನ ಮ್ಯಾಲೆ ಕ್ವಾಪ ಇಲ್ಲ ಕಣತ್ಗೆ," ಎಂದಳು ಸರೋಜ, ಮಗಳ ತಲೆ ಬಾಚುತ್ತ. "ಆ ಮನೇಲಿ ಮುರಿದೋದ ಕೊಡೇಗೂ ಜಾಗ ಅದೆ. ನನಗಿಲ್ಲ. ಅಷ್ಟೇಯ."

ಅಲ್ಲಿಯ ತನಕ ಮನೆ ಚೊಕ್ಕಟ ಮಾಡಬೇಕೆಂಬುದು ನನ್ನ ಕಣ್ಣಿನ ಸುಖದ ಮಾತಾಗಿತ್ತು. ಅಡ್ಡ ಬಿದ್ದಿರುವ ಸಾಮಾನಿನ ಆಚೆ ಒಂದು ಜೀವ ನಿಂತು ಒಳಗೆ ಬರಲು ಕಾಯುತ್ತಿದೆಯೆಂದು ನನಗೆ ಹೊಳೆದಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಮಾವ ನೆಂಟರ ಮದುವೆಗೆಂದು ಎಚ್.ಡಿ. ಕೋಟೆ ಕಡೆಗೆ ಎರಡು ದಿನ ಹೋದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅತ್ತೆ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ದನದ ಕೊಟ್ಟಿಗೆಗೆ ಹೋಗಿ ಅಲ್ಲೇ ಉಳಿದರು. ಎರಡು ಹಗಲು ನಾನೂ ಯಜಮಾನರೂ ಹೊತ್ತು ಹೊತ್ತು ಹಿತ್ತಿಲಿನ ತಿಪ್ಪೆಗುಂಡಿಗೆ ಸುರಿದೆವು. ಮೂರನೆಯ ದಿನ ಬೆಳಿಗ್ಗೆ ಮಾವ ಬಂದರು. ಖಾಲಿ ಹಜಾರದಲ್ಲಿ ಚೀಲವನ್ನು ಗೂಟಕ್ಕೆ ತಗುಲಿಹಾಕಿ, ಹಿತ್ತಿಲಿಗೆ ನಡೆದರು. ಮೊದಲು ರಿಮ್ಮು ಬಂತು. ಆಮೇಲೆ ಬೆಂಚು. ಆಮೇಲೆ ಕೊಡೆ. ಒಂದೊಂದನ್ನೂ ಪಂಚೆಯ ತುದಿಯಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಡುತ್ತಿದ್ದರು. ಬೈದಿದ್ದರೆ ಎದುರಾಡಬಹುದಿತ್ತು. ಸುಮ್ಮನೆ ಒರೆಸುವವರ ಎದುರು ಏನು ಮಾಡುತ್ತೀರಿ?

ಅರ್ಧ ಸಾಮಾನು ಹೊತ್ತಾದ ಮೇಲೆ ತಳವಿಲ್ಲದ ಕೊಳಗ ಹಿಡಿದು ಜಗಲಿಯ ಮೇಲೆ ಕುಳಿತರು. ನಾನು ನೀರು ತಂದುಕೊಟ್ಟೆ.

"ನಾನುಟ್ಟಿದೂರು ಈಗ ನೀರೊಳಗದೆ ಕಣವ್ವ," ಎಂದರು. "ಕಬಿನಿಗೆ ಅಣೆ ಕಟ್ಟಿದ್ರಲ್ಲ, ಆಗ. ಎರಡು ಗಾಡಿ ಸಾಮಾನು ತಂದೊ. ಮೂರನೇ ಸಲಕ್ಕೆ ಗಾಡಿ ಹೊಡ್ಕಂಡೋದ್ರೆ ದಾರಿ ಮ್ಯಾಲೆ ನೀರು ನಿಂತಿತ್ತು. ನಮ್ಮವ್ವ ದಡದಲ್ಲಿ ನಿಂತ್ಕಂಡು, ಕಡಗೋಲು ಬುಟ್ಬಂದೆ, ಮಣೆ ಬುಟ್ಬಂದೆ, ಮೊರ ಬುಟ್ಬಂದೆ ಅಂತ ಒಂದೊಂದೇ ಹೆಸರ ಹೇಳ್ತಿದ್ಲು. ಸಾಯೋಗಂಟ ಹೇಳ್ತಿದ್ಲು."

ನಾನು ಅವರ ಕಾಲಬುಡದಲ್ಲಿ ಕುಳಿತೆ. ತಪ್ಪಾಯಿತು ಎನ್ನಬೇಕಿತ್ತು; ಬಾಯಿಗೆ ಬಂದದ್ದು ಬೇರೆ. ಕಳೆದ ಗೌರಿಯಿಂದ ಒಳಗಿಟ್ಟುಕೊಂಡಿದ್ದ ಸರೋಜನ ಮಾತನ್ನು, ಅವಳು ಹೇಳಿದ ಹಾಗೆಯೇ ಹೇಳಿಬಿಟ್ಟೆ. ಮಾವ ಕೊಳಗವನ್ನು ತೊಡೆಯ ಮೇಲಿಂದ ಕೆಳಗಿಟ್ಟರು. "ಹಂಗಂದಳಾ" ಎಂದರು. ಆ ದಿನವೆಲ್ಲ ಹಿತ್ತಿಲಿನಲ್ಲಿ ಉಳಿದಿದ್ದನ್ನು ತರಲೂ ಹೋಗಲಿಲ್ಲ, ತಂದದ್ದನ್ನು ಹೊರಗೂ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಮ್ಮ ಬಂದಳು. ಅವಳ ಎಮ್ಮೆ ಕಲಗಚ್ಚಿನ ಬಾನಿಯನ್ನು ಒದ್ದು ಸೀಳಿತ್ತು. ಎರಡು ದಿನದ ಮಟ್ಟಿಗೆ ಒಂದು ಬಾನಿ ಇದ್ದರೆ ಕೊಡಿ ಎಂದಳು. ಮಾವ ಅಟ್ಟ ಹತ್ತಿ, ಜೇಡರ ಬಲೆ ಸರಿಸಿ, ಒಂದು ಬಾನಿಯನ್ನು ಇಳಿಸಿ, ತಾವೇ ಅವಳ ಕೊಟ್ಟಿಗೆಯ ತನಕ ಹೊತ್ತು ಹೋಗಿ ಇಟ್ಟರು. "ತಿರುಗಿ ತರಬ್ಯಾಡ ಕಣಮ್ಮಿ, ನಿಂಗೇಯ ಇರ್ಲಿ" ಎಂದು ಬರುವಾಗ ಅವರ ಮುಖದಲ್ಲಿ ಒಂದು ಗೆಲುವು ಇತ್ತು. ಇಪ್ಪತ್ತು ವರ್ಷ ಕಾದ ಆ 'ಯಾವತ್ತಾದ್ರೂ' ಕೊನೆಗೂ ಬಂದಿತ್ತಲ್ಲ. ನನಗೆ ಆಗ ತಿಳಿಯಿತು, ಈ ಮನುಷ್ಯ ಎಸೆಯಲಾರರು, ಆದರೆ ಕೊಡಬಲ್ಲರು. ನೀರಿಗೆ ಬಿಟ್ಟು ಬರುವುದಕ್ಕೂ ಒಬ್ಬರ ಕೈಗೆ ಇಡುವುದಕ್ಕೂ ಇರುವ ಅಂತರ, ಮನೆ ಗುಡಿಸುವುದರಲ್ಲಿ ಜಾಣೆಯೆಂದು ಬೀಗುತ್ತಿದ್ದ ನನಗೆ ಗೊತ್ತಿರಲಿಲ್ಲ.

ಬೇಕಾದವರು ಬಂದು ಬೇಕಾದ್ದು ಒಯ್ಯಬಹುದೆಂದು ಅತ್ತೆ ಊರಿನಲ್ಲಿ ಸುದ್ದಿ ಬಿಟ್ಟರು, ನಾನು ಶಾಲೆಯಲ್ಲಿ. ಆಮೇಲಿನ ಎರಡು ತಿಂಗಳು ನಮ್ಮ ಜಗಲಿ ಬರಿದಾಗಿದ್ದ ದಿನವಿಲ್ಲ. ಹೊಸದಾಗಿ ಬೇರೆ ಒಲೆ ಹೂಡಿದ ಗಂಡಹೆಂಡತಿ ಲಾಟೀನು, ಮಣೆ, ಎರಡು ಮಡಕೆ ಒಯ್ದರು. ಗೂಡಂಗಡಿ ಇಡುವವನು ಹಲಗೆ ಒಯ್ದ. ಕಾಲಿಲ್ಲದ ಬೆಂಚಿಗೆ ಮಾವನೇ ಕಾಲು ಕೂಡಿಸಿ ನನ್ನ ಒಂದನೇ ತರಗತಿಗೆ ಕಳಿಸಿದರು. ರೇಡಿಯೋ ರಿಪೇರಿಯವನು ಮೂರನ್ನೂ ಬಿಚ್ಚಿ ಒಂದನ್ನು ಹಾಡಿಸಿದ. ಬಂದವರು ಸಾಮಾನು ಹಿಡಿದು ಸೀದಾ ಹೋಗುವಂತಿರಲಿಲ್ಲ; ಅದು ಎಲ್ಲಿಂದ ಬಂತು, ಯಾವ ವರ್ಷ, ಯಾರು ಕೊಟ್ಟರು ಎಂಬ ಚರಿತ್ರೆಯನ್ನು ಮಾವನ ಬಾಯಿಂದ ಕೇಳಿ, ಕಾಫಿ ಕುಡಿದು ಹೋಗಬೇಕಿತ್ತು. ಕೂರಲು ಜಾಗವಿಲ್ಲದ ಮನೆಗೆ ಜನ ಕೂರಲೆಂದೇ ಬರತೊಡಗಿದರು. ಕೊಡೆಯನ್ನು ಮಾತ್ರ ಯಾರೂ ಕೇಳಲಿಲ್ಲ, ಮಾವನೂ ಕೊಡಲಿಲ್ಲ. ಅವರಿಗೂ ಒಂದಿಷ್ಟು ಇರಬೇಡವೇ?

ನಾನು ಈ ಗೆಲುವಿನಲ್ಲಿ ತೇಲುತ್ತಿರುವಾಗ ಅತ್ತೆ ಒಂದು ಮಧ್ಯಾಹ್ನ ನನ್ನ ಬೀರುವಿನ ಮುಂದೆ ನಿಂತು, "ಇದ್ರದ್ದು ಯಾವಾಗವ್ವ?" ಎಂದು ಕೇಳಿದರು. ತೆರೆದರೆ, ಮದುವೆಗೆ ಉಡುಗೊರೆ ಬಂದ ಸ್ಟೀಲ್ ಲೋಟಗಳು ಡಬ್ಬ ಬಿಚ್ಚದೆ ಹನ್ನೊಂದು ಸೆಟ್ಟು, ಉಡುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿದ್ದ ಒಂಬತ್ತು ಸೀರೆ. ನನ್ನ ಕಸಕ್ಕೆ ಬಾಗಿಲೂ ಬೀಗವೂ ಇದ್ದುದರಿಂದ ಅದು ಕಸವೆಂದು ನನಗೆ ಕಂಡಿರಲಿಲ್ಲ. ಅತ್ತೆ ನಗುತ್ತ ನಗುತ್ತ ನೆಲದ ಮೇಲೆ ಕುಳಿತುಬಿಟ್ಟರು. ಕೂರಲು ನೆಲವೂ ಇತ್ತು.

ಉಳಿದದ್ದು ಸೊಪ್ಪಿನ ಪ್ರಶ್ನೆ. ಸೊಪ್ಪನ್ನು ಯಾರಿಗೂ ದಾನ ಕೊಡುವಂತಿಲ್ಲ. ಅದಕ್ಕೆ ಅಪ್ಪ ಮಗ ಇಬ್ಬರೂ ಸೇರಿ ಬ್ಯಾರನ್ನಿನ ಪಕ್ಕದಲ್ಲಿ ಒಂದು ಕೊಟ್ಟಿಗೆ ಎತ್ತಿದರು. ಕಂಬ, ಜಂತೆ, ತಗಡು, ಬಾಗಿಲಿನ ಚಿಲಕ ಎಲ್ಲವೂ ಮಾವ ಕೂಡಿಟ್ಟ ಗುಡ್ಡದಿಂದಲೇ ಬಂದವು. ಡೊಂಕಾದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಅವರು ನೆಟ್ಟಗೆ ಮಾಡುತ್ತಿದ್ದರೆ, ಯಜಮಾನರು ನನ್ನ ಕಡೆ ನೋಡಿ, "ಯಾವತ್ತಾದ್ರೂ ಬೇಕಾಯ್ತದೆ ಅಂತಿರ್ಲಿಲ್ವಾ?" ಎಂದು ನಕ್ಕರು. ನಾನು ಒಪ್ಪಲೇಬೇಕಾಯಿತು.

ಸೊಪ್ಪಿನ ಕೋಣೆ ಖಾಲಿಯಾದ ದಿನ ಅದಕ್ಕೆ ಒಂದು ಕಿಟಕಿ ಇದೆಯೆಂದು ನನಗೆ ಗೊತ್ತಾಯಿತು. ತುಕ್ಕು ಹಿಡಿದ ಅಗುಳಿಯನ್ನು ಎಣ್ಣೆ ಬಿಟ್ಟು ತೆಗೆದಾಗ ಆಚೆಯ ಹೊಂಗೆಮರದ ಗಾಳಿ ಒಳಗೆ ಬಂದು, ಎತ್ತ ಹೋಗಬೇಕೆಂದು ತಿಳಿಯದವರಂತೆ ಕೋಣೆಯೆಲ್ಲ ಸುತ್ತಿತು. ಸುಣ್ಣ ಬಳಿದೆವು. ನೆಲವನ್ನು ನಾಲ್ಕು ಸಲ ತೊಳೆದ ಮೇಲೆ ಘಾಟು ಹೋಯಿತು. ನಾನು ಒಂದು ಮಂಚ ಹಾಕೋಣವೆಂದೆ. ಮಾವ ಬೇಡವೆಂದರು. "ಏನೂ ಬ್ಯಾಡ. ಬರೀ ಕ್ವಾಣೆ ಇರ್ಲಿ."

ಗೌರಿಗೆ ವಾರವಿರುವಾಗ, ಬ್ಯಾರನ್ನಿನ ಬೆಂಕಿ ಬಿಟ್ಟು ಒಂದು ದಿನವೂ ಅಲುಗದ ಮಾವ, ಬೆಂಕಿಯನ್ನು ಮಗನಿಗೆ ಒಪ್ಪಿಸಿ, ಒಗೆದ ಪಂಚೆಯುಟ್ಟು ಬೇಗೂರಿಗೆ ಹೊರಟರು. ಅಲ್ಲಿ ನಡೆದದ್ದನ್ನು ಸರೋಜ ಆಮೇಲೆ ನನಗೆ ಹೇಳಿದಳು. ಬಂದವರು ಮಳೆಯ ಮಾತಾಡಿದರಂತೆ, ಅಳಿಯನ ರಾಗಿ ಹೇಗಿದೆ ಎಂದು ಕೇಳಿದರಂತೆ, ಮೊಮ್ಮಗಳ ಪುಸ್ತಕ ನೋಡಿದರಂತೆ. ಕಾಫಿ ಕುಡಿದು, ಎದ್ದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ತಲೆಯೆತ್ತದೆ ಹೇಳಿದರಂತೆ: "ಕ್ವಾಣೇಲಿ ಏನೂ ಇಲ್ಲ ಕಣವ್ವ. ನೀನು ಬಂದು ನೋಡು."

ಅವಳು ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಂದಳು. ಆರು ವರ್ಷದ ಕಾವ್ಯ ಅವಳ ಕೈ ಬಿಡಿಸಿಕೊಂಡು ಕೋಣೆಯೊಳಕ್ಕೆ ಓಡಿ, 'ಓ' ಎಂದು ಕೂಗಿ, ಖಾಲಿ ಗೋಡೆಗಳು ತಿರುಗಿ ಕೂಗಿದ್ದಕ್ಕೆ ಕೇಕೆ ಹಾಕಿದಳು. ಸರೋಜ ಹೊಸ್ತಿಲಲ್ಲಿ ನಿಂತು ಕಿಟಕಿ ನೋಡಿದಳು, ಗೋಡೆ ನೋಡಿದಳು, ಆಮೇಲೆ ಒಳಗೆ ಹೋಗಿ ನಡು ನೆಲದ ಮೇಲೆ, ಚಾಪೆಯನ್ನೂ ಕೇಳದೆ, ಕೈಕಾಲು ಚಾಚಿ ಅಂಗಾತ ಮಲಗಿಬಿಟ್ಟಳು. ಮಾವ ಬಾಗಿಲ ಬಳಿ ಬಂದವರು, ಅದನ್ನು ಕಂಡು, ಸದ್ದಿಲ್ಲದೆ ಹಿಂದೆ ಸರಿದು ಹಿತ್ತಿಲಿಗೆ ಹೋದರು. ಬೆಳಿಗ್ಗೆ ಅತ್ತೆ ಬಾಗಿನವನ್ನು ಬಟ್ಟೆಯಲ್ಲಿ ಕಟ್ಟದೆ, ಸೆರಗು ಹಿಡಿದು, ಮಗಳ ಕೈಗೆ ಕೊಟ್ಟರು. ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ಒಬ್ಬಟ್ಟು ತಟ್ಟಿದರು.

ಎರಡು ದಿನಕ್ಕೆಂದು ಬಂದವಳು ಎಂಟು ದಿನ ಇದ್ದಳು. ಹೊರಟ ದಿನ ಬಸ್ಸು ಹತ್ತಿಸಿ ಬಂದು, ಎಂದಿನ ಚಪಲಕ್ಕೆ ನಾನು ಪೊರಕೆ ಹಿಡಿದು ಆ ಕೋಣೆಗೆ ಹೋದೆ. ಗೋಡೆಯ ಗೂಟದಲ್ಲಿ ಅವಳ ನೀಲಿ ಸೀರೆ, ಕಾವ್ಯಳ ಒಂದು ಲಂಗ, ಕಿಟಕಿಯಲ್ಲಿ ಒಂದು ಬಾಚಣಿಗೆ, ನಾಲ್ಕು ಹೇರ್‌ಪಿನ್ನು ಉಳಿದಿದ್ದವು. ಮರೆತು ಹೋಗಿದ್ದಾಳೆಂದು ಸೀರೆಯನ್ನು ಮಡಿಸಿ ಕೈಯಲ್ಲಿ ಹಿಡಿದು ಓಡಿಬಂದು, ಜಗಲಿಯಲ್ಲಿದ್ದ ಅತ್ತೆಗೆ ತೋರಿಸಿದೆ.

"ಮರ್ತಿಲ್ಲ ಕಣವ್ವ," ಎಂದರು ಅತ್ತೆ. "ಹೊತ್ಕಂಡೋಗಿ ಹೊತ್ಕಂಡು ಬರೋದ್ಯಾಕೆ, ದೀಪಾವಳಿಗೆ ಬತ್ತೀನಲ್ಲ ಅಂತ ಅವಳೇ ಬುಟ್ಟೋಗವಳೆ."

ನಾನು ಒಳಗೆ ಹೋಗಿ ಸೀರೆಯನ್ನು ಬಿಚ್ಚಿ, ಅವಳು ಹಾಕಿದ್ದ ಹಾಗೆಯೇ, ಅರ್ಧ ಜಾರಿದಂತೆ, ಗೂಟಕ್ಕೆ ಹಾಕಿದೆ.