ಒಂದೇ ದಿನ ಎಂಟು ಮುದ್ರೆ

ಬೋರ್ನಿಯೋ ದ್ವೀಪ ತೋರಿಸಲು ಬಗ್ಗಿದಾಗ ನನ್ನ ಪ್ಯಾಂಟು ಹಿಂದೆ ಹರಿಯಿತು. ಇದು ೨೦೦೩ರ ಮಾತು. ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ಪ್ರಪಂಚದ ನಕಾಶೆಯನ್ನು ತೀರ ಕೆಳಗೆ ಜೋತುಬಿಟ್ಟಿದ್ದರು. ಇಪ್ಪತ್ತು ವರ್ಷದಿಂದ ಅದರ ಮುಂದೆ ಬಗ್ಗುತ್ತ ಬಂದವನು ನಾನು. ಪ್ಯಾಂಟಿಗೆ ಅಷ್ಟು ಸೇವಾಮನೋಭಾವ ಇರಲಿಲ್ಲ. ಒಂಬತ್ತನೇ ತರಗತಿ ಉಸಿರು ಬಿಗಿಹಿಡಿದು ನೋಡಿತು. ನನ್ನ ಪಾಠಕ್ಕೆ ಅಷ್ಟು ಗಮನ ಹಿಂದೆಂದೂ ಸಿಕ್ಕಿರಲಿಲ್ಲ. ಹಾಜರಿ ಪುಸ್ತಕವನ್ನು ಬೆನ್ನ ಕೆಳಗೆ ಹಿಡಿದುಕೊಂಡು ಬಜಾರದ ನಾಸಿರನ ಹೊಲಿಗೆ ಅಂಗಡಿಗೆ ನಡೆದೆ.

ನಾಸಿರ ಇರಲಿಲ್ಲ. ಮಷೀನಿನ ಮುಂದೆ ಅವನ ಅಣ್ಣ ಫಕ್ರುಸಾಬರು ಕುಳಿತಿದ್ದರು. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಪರದೇಶದಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ ಎಂದಷ್ಟೇ ಗೊತ್ತಿತ್ತು. ದುಬೈ ಇರಬೇಕೆಂದು ಊರು ತೀರ್ಮಾನಿಸಿತ್ತು. ಭೂಗೋಳದ ಮಾಸ್ತರನಾದ ನಾನೂ ಕೇಳಿರಲಿಲ್ಲ. ಪ್ಯಾಂಟು ಬಿಚ್ಚಿ ಕೊಟ್ಟು, ಟವೆಲ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕುಳಿತೆ.

“ಹೆಂಗ ಹರೀತರಿ ಮಾಸ್ತರ?”

“ಬೋರ್ನಿಯೋ ತೋರಸಾಕ ಹೋಗಿದ್ನಿ.”

“ಹೌದ್ರಿ? ನಾ ಅಲ್ಲೇ ಇರತೇನಿ,” ಎಂದು ಅವರು ಸೂಜಿಗೆ ದಾರ ಪೋಣಿಸಿದರು.

ಜಗತ್ತಿನ ಮೂರನೇ ದೊಡ್ಡ ದ್ವೀಪ, ನಡುವೆ ಭೂಮಧ್ಯರೇಖೆ ಹಾದುಹೋಗುತ್ತದೆ ಎಂದರೆ ನನ್ನ ಪಾಠ ಮುಗಿಯುತ್ತಿತ್ತು. ಸಂಪಗಾಂವದಲ್ಲಿ ಹುಟ್ಟಿದ ಫಕ್ರುಸಾಬರು ೧೯೯೨ರಿಂದ ಆ ದ್ವೀಪದ ಬ್ರೂನೈ ಎಂಬ ಪುಟ್ಟ ರಾಜ್ಯದಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಪಾಠ ಈಗ ನನಗೆ ಶುರುವಾಯಿತು.

“ಮೊದಲ ಆ ಸೀಮಿ ಎಲ್ಲಾ ಕತ್ತರಿಸದ ಅರಿವಿ ಥಾನ ಇದ್ದಂಗ ಒಂದ ಇತ್ತಂತ್ರಿ,” ಎಂದು ಕತ್ತರಿಯ ಮೊನೆಯಿಂದ ಮೇಜಿನ ಮೇಲೆ ಗೆರೆ ಎಳೆದರು. “ಸಮುದ್ರದ ದಂಡಿಗುಂಟ ಸುಲ್ತಾನಂದ ಮಾತು ನಡೀತಿತ್ತು. ಆಮ್ಯಾಲೆ ಬಿಳೇ ಮಂದಿ ಬಂದ್ರು. ಒಬ್ಬಾಂವ ತಾನ ರಾಜಾ ಆಗಿ ಕುಂತ, ಅವನ ಮನೆತನದವರು ಸ್ವಲ್ಪ ಸ್ವಲ್ಪ ಕತ್ತರಿಸಿಕೊಂತ ಹೋದ್ರು. ಡಚ್ಚರ ಕಡೆ ಇದ್ದದ್ದು ಈಗ ಇಂಡೋನೇಷ್ಯಾ. ಮ್ಯಾಲಿಂದು ಮಲೇಷ್ಯಾ. ಸುಲ್ತಾನಗ ಉಳದದ್ದು ಎರಡು ತುಂಡು, ನಡಬರಕ ಮಲೇಷ್ಯಾದ ಪಟ್ಟಿ.”

“ಹಂಗಾದ್ರ ಈ ತುಂಡಿನಿಂದ ಆ ತುಂಡಿಗೆ ಹೋಗೂದು ಹೆಂಗ?”

“ದೋಣಿ ಅದಾವು. ರಸ್ತಾ ಹಿಡದ್ರ ಇನ್ನೊಂದು ದೇಶ ದಾಟಬೇಕು.”

ಇಂಡೋನೇಷ್ಯಾದ ಕಾಡು ಹೊತ್ತಿ ಉರಿದ ವರ್ಷ ಹೊಗೆ ಇವರ ಅಂಗಡಿಯತನಕ ಬಂದದ್ದರಿಂದ ಹೊಲಿದಿಟ್ಟ ಬಿಳಿ ಅಂಗಿಗಳನ್ನೆಲ್ಲ ಮತ್ತೆ ಒಗೆದು ಕೊಟ್ಟರಂತೆ. ಅಲ್ಲಿ ಈದ್ ಹಬ್ಬಕ್ಕೆ ಅಜ್ಜನಿಂದ ಕೂಸಿನವರೆಗೆ ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ತೊಡುತ್ತಾರೆ. ಅಳತೆಗೆ, ಹೊಲಿದದ್ದನ್ನು ತಲುಪಿಸಲಿಕ್ಕೆ, ಮಾಲೀಕನ ವ್ಯಾನಿನಲ್ಲಿ ಆಚೆ ತುಂಡಿಗೆ ಓಡಾಡಿ ಓಡಾಡಿ ಫಕ್ರುಸಾಬರ ಪಾಸ್‌ಪೋರ್ಟಿನಲ್ಲಿ ಖಾಲಿ ಹಾಳೆಯೇ ಉಳಿದಿರಲಿಲ್ಲ. ಹೊಸದಕ್ಕೆ ಅರ್ಜಿ ಹಾಕಿದ್ದರು, ಪೊಲೀಸ್ ವಿಚಾರಣೆ ಬಾಕಿ ಇತ್ತು. ರಂಜಾನ್ ತಿಂಗಳು ಶುರುವಾಗುವ ತನಕ ಅವರ ಮಷೀನು ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾಲೀಕ ಹೇಳಿದ್ದ. ತಡವಾದರೆ ಹನ್ನೊಂದು ವರ್ಷದ ಜಾಗ ಹೋಯಿತು.

ಚಹಾ ತಂದ ಅವರ ಹೆಂಡತಿ ರಾಜಮಾ ನನ್ನ ಟವೆಲ್ಲಿನ ಕಡೆ ನೋಡದೆ ಹೇಳಿದರು: “ಮಾಸ್ತರ, ನಾಳೆ ಹವಾಲ್ದಾರ್ರು ಬರತಾರ. ನೀವೂ ಬಂದು ಆ ದೇಶದ್ದು ನಾಕು ಮಾತು ತಿಳಿಸಿ ಹೇಳ್ರಿ. ಇವರ ಮಾತು ಉಂಡಿ ದಾರ ಇದ್ದಂಗ, ಎಳದಷ್ಟ ಬರತೈತಿ.”

ಮರುದಿನ ಶಾಲೆಯ ನಕಾಶೆ ಸುತ್ತಿಕೊಂಡು ಹೋದೆ. ಹವಾಲ್ದಾರ ದುರ್ಗಪ್ಪ ಅಂಗಡಿಯಲ್ಲಿ ಕುಳಿತು ಪಾಸ್‌ಪೋರ್ಟಿನ ಹಾಳೆ ತಿರುವುತ್ತಿದ್ದರು. ನಾನು ನಕಾಶೆ ಬಿಚ್ಚಿದೆ. ದ್ವೀಪ ಒಂದು, ದೇಶ ಮೂರು, ದಟ್ಟ ಅಡವಿ, ದೊಡ್ಡ ನದಿಗಳು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರಾತ್ರಿ ಓದಿದ್ದು ವ್ಯರ್ಥವಾಗಬಾರದೆಂದು, ಆ ಕರಾವಳಿಯಲ್ಲಿ ಒಂದು ಕಾಲಕ್ಕೆ ಕಡಲ್ಗಳ್ಳರ ಹಾವಳಿ ಬಹಳ ಇತ್ತು ಎಂದೂ ಸೇರಿಸಿದೆ.

ದುರ್ಗಪ್ಪ ಕನ್ನಡಕ ಹಾಕಿಕೊಂಡರು. “ಕಳ್ಳರು? ಈಗೂ ಅದಾರೇನ್ರಿ?”

ರಾಜಮಾ ನನ್ನತ್ತ ನೋಡಿದರು. ನಾನು ನಕಾಶೆ ಸುತ್ತಿದೆ.

“ಫಕ್ರುಸಾಬ್ರ, ಈ ತಾರೀಖು ನೋಡ್ರಿ. ಒಂದ ದಿನ ಎಂಟು ಮುದ್ರಿ. ಏನ ಸಾಗಿಸಿದ್ರಿ?”

“ಸೂಜಿ, ದಾರ ರೀ.”

“ಮತ್ತ?”

“ಕತ್ತರಿ.”

ದುರ್ಗಪ್ಪ ಪೆನ್ನು ಕೆಳಗಿಟ್ಟರು. “ಬಿಡಿಸಿ ಹೇಳ್ರಿ. ಇದನ್ನ ನಾ ಮ್ಯಾಲೆ ಬರದು ಕಳಸಬೇಕು.”

“ಮರುದಿನ ಈದ್ ಇತ್ತರಿ. ಆಚೆ ತುಂಡಿನಾಗ ಮೂವತ್ತೊಂದು ಮಂದಿ ಮನಿ. ಎಲ್ಲಾರ್ದೂ ಸರಿ ಆಗಿತ್ತು, ಅಜ್ಜಾರ ಅಂಗಿ ತೋಳು ನಾಕು ಬಟ್ಟು ಉದ್ದ. ಅಜ್ಜಾರು ಹಾಕ್ಕೊಳ್ಳದಿದ್ರ ಉಳದ ಮೂವತ್ತು ಮಂದೀನೂ ಹಾಕ್ಕೊಳ್ಳೂದಿಲ್ಲ. ದೋಣಿ ತುಂಬಿದ್ದವು, ವ್ಯಾನಿನ್ಯಾಗ ಹೋದ್ನಿ. ಬ್ರೂನೈ ಬಿಡಾಕ ಒಂದು, ಮಲೇಷ್ಯಾ ಹೊಗಾಕ ಒಂದು, ಅದನ್ನ ಬಿಡಾಕ ಒಂದು, ಮತ್ತ ಬ್ರೂನೈ ಹೊಗಾಕ ಒಂದು; ಹೋಗೂವಾಗ ನಾಕು ಮುದ್ರಿ, ಬರೂವಾಗ ನಾಕು.”

“ನಾಕು ಬಟ್ಟು ತಪ್ಪಿದ್ದು ಹೆಂಗ?”

“ತಪ್ಪು ನಂದ ರೀ. ಅಳತಿಗೆ ಹೋದಾಗ ಅಜ್ಜಾರಿಗೆ ಜ್ವರ ಬಂದು ಮಲಗಿದ್ರು. ಎಬ್ಬಸೂದು ಬ್ಯಾಡಂತ ಮಗನ ತೋಳು ಹಿಡದು ಹೊಲದಿದ್ನಿ.”

ದುರ್ಗಪ್ಪ ತಮ್ಮ ಖಾಕಿ ತೋಳನ್ನೊಮ್ಮೆ ಜಗ್ಗಿ ನೋಡಿಕೊಂಡರು. ಆಮೇಲೆ ತಕರಾರು ಏನೂ ಇಲ್ಲ ಎಂದು ಬರೆದು ಸಹಿ ಮಾಡಿದರು. ರಾಜಮಾ ಬಾಗಿಲಿಗೆ ಒರಗಿದರು. ಸಮಾಧಾನವೋ, ಇನ್ನೆರಡು ವರ್ಷ ಒಬ್ಬರೇ ಇರಬೇಕಲ್ಲ ಎಂಬುದೋ, ಅವರ ಮುಖ ನೋಡಿ ನನಗೆ ತಿಳಿಯಲಿಲ್ಲ.

ದುರ್ಗಪ್ಪ ಏಳಲಿಲ್ಲ. “ಅಲ್ರಿ, ಅಷ್ಟೆಲ್ಲಾ ಗಡಿ ಹಾಕ್ಯಾರ. ಮೂರೂ ದೇಶದ ಮಂದಿ ನಿಮ್ಮ ಕೈಯಾಗ ಹಾದು ಹೋಗ್ಯಾರ. ಅವರೊಳಗ ಫರಕ ಏನೈತಿ?”

ಒಂಬತ್ತನೇ ತರಗತಿಗೆ ಬೇಕಾಗುತ್ತದೆಂದು ನಾನು ಡೈರಿ ತೆಗೆದೆ. ಫಕ್ರುಸಾಬರು ಕೊರಳಿಗೆ ಹಾಕಿಕೊಂಡಿದ್ದ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಂಡರು.

“ಮೂರೂ ದೇಶದಾಗ ಯಾರದೂ ಕೊರಳಿನ ಅಳತಿ ಹದಿನೈದೂವರಿ ಇಂಚಿನ ಮ್ಯಾಲೆ ಹೋಗಿದ್ದು ನಾ ನೋಡಿಲ್ಲರಿ.”